ಮೂರು ವಾರ ಕಳೆದರೂ ಮಾಯದ ಹುಣ್ಣು: ಪರೀಕ್ಷೆಗೆ ಯಾಕೆ ಇಷ್ಟು ತಡ?

ಜುಮಾ ನಮಾಝ್ ಮುಗಿದ ಕೂಡಲೇ ಮೈಕಿನಲ್ಲಿ ಚಿಕಿತ್ಸಾ ನೆರವಿನ ಮನವಿ ಕೇಳುವುದು ನಮ್ಮ ಕರಾವಳಿಯ ಜಮಾಅತ್‌ಗಳಲ್ಲಿ ಈಗ ಮಾಮೂಲಿ. ಬಾಗಿಲಲ್ಲಿ ಇಬ್ಬರು ಹುಡುಗರು ಶಾಲು ಹಿಡಿದು ನಿಲ್ಲುತ್ತಾರೆ. ಜನ ಹತ್ತು, ನೂರು, ಐನೂರು ಹಾಕಿ ಹೋಗುತ್ತಾರೆ. ಸಂಜೆಯ ಹೊತ್ತಿಗೆ ಅದೇ ರೋಗಿಯ ಫೋಟೋ, ಬ್ಯಾಂಕ್ ಖಾತೆಯ ನಂಬ್ರ ಎಲ್ಲ ವಾಟ್ಸಪ್ ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ದಮ್ಮಾಮಿನಿಂದ, ದುಬೈಯಿಂದ, ಮಸ್ಕತ್ತಿನಿಂದ ಹಣ ಬರುತ್ತದೆ. ಕೊಡುವ ವಿಷಯದಲ್ಲಿ ಬ್ಯಾರಿಗಳು ಹಿಂದೆ ಬಿದ್ದದ್ದಿಲ್ಲ, ಅಲ್‌ಹಮ್ದುಲಿಲ್ಲಾಹ್.

ಆದರೆ ಈ ಮನವಿಗಳಲ್ಲಿ ಕ್ಯಾನ್ಸರಿನದ್ದನ್ನು ಮಾತ್ರ ಬೇರೆ ತೆಗೆದು ನೋಡಿ. ಹೆಚ್ಚಿನದರಲ್ಲಿ ರೋಗ ಮೂರನೆಯ ಹಂತದಲ್ಲೋ ನಾಲ್ಕನೆಯ ಹಂತದಲ್ಲೋ ಇರುತ್ತದೆ. ಕೇಳುವ ಮೊತ್ತ ಐದು ಲಕ್ಷ, ಎಂಟು ಲಕ್ಷ, ಕೆಲವೊಮ್ಮೆ ಅದಕ್ಕೂ ಮೇಲೆ. ಮನೆಯವರನ್ನು ಒಳಗೆ ಕೂರಿಸಿ, "ಇದು ಸುರುವಾದದ್ದು ಯಾವಾಗ?" ಅಂತ ಕೇಳಿದರೆ ಬರುವ ಉತ್ತರ, "ಕಳೆದ ವರ್ಷದ ನೋಂಬಿಗೆ ಮೊದಲೇ ಸಣ್ಣದು ಇತ್ತು ಉಸ್ತಾದ್, ನಾವು ಅಷ್ಟು ಗಮನ ಕೊಡಲಿಲ್ಲ." ಆಗ ಬೇಕಾಗಿದ್ದದ್ದು ಒಂದು ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಾದರೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಬೀಡಿ ಕೆಲಸ ತಪ್ಪಿದ ನಷ್ಟ. ಖಾಸಗಿಯಲ್ಲಾದರೆ ಕೆಲವು ಸಾವಿರ. ಆ ಕೆಲವು ಸಾವಿರಕ್ಕೆ ಯಾರೂ ಶಾಲು ಹಿಡಿಯಲಿಲ್ಲ, ಹಿಡಿಯಬೇಕು ಅಂತ ಯಾರಿಗೂ ತೋಚಲೂ ಇಲ್ಲ.

ನಾವು ವೈದ್ಯರಲ್ಲ. ಬೆಳಿಗ್ಗೆ ಮಕ್ಕಳಿಗೆ ಅಲಿಫ್ ಬಾ ಕಲಿಸುವವರು. ಇಲ್ಲಿರುವ ರೋಗದ ವಿಷಯಗಳು ವೈದ್ಯರ ಬಾಯಿಯಿಂದ ಕೇಳಿ ತಿಳಿದವು. ಆದರೂ ಈ ವಿಷಯ ಮದ್ರಸದವರೇ ಬರೆಯಬೇಕು ಅಂತ ಅನಿಸಿದ್ದಕ್ಕೆ ಕಾರಣ ಇದೆ. ನಮ್ಮ ಊರುಗಳಲ್ಲಿ ಮೈಗೆ ಹುಷಾರಿಲ್ಲ ಎಂಬ ಮಾತು ಡಾಕ್ಟರ ಕಿವಿಗೆ ಬೀಳುವ ಮೊದಲೇ ಬಹಳ ಸಲ ಉಸ್ತಾದರ ಕಿವಿಗೆ ಬೀಳುತ್ತದೆ. ನೀರು ಮಂತ್ರಿಸಿಕೊಂಡು ಹೋಗಲು ಬರುತ್ತಾರೆ. ದೃಷ್ಟಿ ತಾಗಿದೆಯೋ ನೋಡಿ ಅಂತ ಬರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಮಸ್‌ಅಲ ಕೇಳಲು ಬರುತ್ತಾರೆ.

ಈ ಮಸ್‌ಅಲದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಐವತ್ತೈದು, ಅರುವತ್ತು ದಾಟಿದ ತಾಯಂದಿರು ಉಸ್ತಾದರ ಮನೆಗೆ ಬಂದು ಅವರ ಪತ್ನಿಯ ಹತ್ತಿರ ಮೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ: "ನನಗೆ ನಿಂತು ಏಳೆಂಟು ವರ್ಷ ಆಗಿತ್ತು. ಈಗ ಪುನಃ ಸ್ವಲ್ಪ ಸ್ವಲ್ಪ ಕಾಣುತ್ತಿದೆ. ನಮಾಝ್ ಮಾಡಬಹುದಾ?" ಶಾಫಿಈ ಕಿತಾಬುಗಳಲ್ಲಿ ಇದಕ್ಕೆ ಉತ್ತರ ಇದೆ. ಹೈಳ್ ಎಂದರೆ ಕನಿಷ್ಠ 24 ಗಂಟೆ, ಗರಿಷ್ಠ 15 ದಿನ. ಅದರ ಆಚೆ ಈಚೆಯದ್ದು ಇಸ್ತಿಹಾಳತ್, ಅಂಥವರು ಪ್ರತಿ ಫರ್ಳ್ ನಮಾಝಿಗೂ ಸಮಯವಾದ ಮೇಲೆ ಶುದ್ಧಿ ಮಾಡಿ ವುಳೂ ಮಾಡಿ ನಮಾಝ್ ಮಾಡಬೇಕು ಎಂದು ವಿವರಿಸಿ ಹೇಳಲಾಗುತ್ತದೆ. ತಾಯಿಗೆ ಸಮಾಧಾನವಾಗುತ್ತದೆ, ಮನೆಗೆ ಹೋಗುತ್ತಾರೆ. ನಮಾಝ್ ಸರಿಯಾಗುತ್ತದೆ. ಆದರೆ ರಕ್ತ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರು ಅದನ್ನು ಪರೀಕ್ಷೆ ಮಾಡದೆ ಬಿಡಬಾರದು ಎಂಬುದು ವೈದ್ಯಶಾಸ್ತ್ರದ ಸ್ಪಷ್ಟ ನಿಯಮ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ, ಒಳಚರ್ಮ ಒಣಗಿ ತೆಳುವಾದದ್ದೇ ಕಾರಣವಾಗಿರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ತನ್ನನ್ನು ತೋರಿಸಿಕೊಳ್ಳುವುದೂ ಇದೇ ದಾರಿಯಲ್ಲಿ. ಒಂದು ಸ್ಕ್ಯಾನ್, ಅಗತ್ಯ ಬಿದ್ದರೆ ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಮಾಡುವ ಬಯಾಪ್ಸಿ, ಇಷ್ಟರಲ್ಲಿ ಸಂಗತಿ ಗೊತ್ತಾಗುತ್ತದೆ. ಬೇಗ ಸಿಕ್ಕಿದರೆ ಹೆಚ್ಚಿನವರು ಒಂದು ಆಪರೇಶನಿನಲ್ಲಿ ಗುಣವಾಗುತ್ತಾರೆ. ಪ್ರಾಯದವರಲ್ಲಿ ಮುಟ್ಟಿನ ನಡುವೆ ರಕ್ತ ಹೋಗುವುದು, ದಂಪತಿ ಸೇರಿದ ನಂತರ ರಕ್ತ ಕಾಣುವುದು, ವಾಸನೆಯ ಬಿಳಿಸೆರಗು, ಇವುಗಳಿಗೂ ಹಾಗೆಯೇ. ಅಲ್ಲಿ ಗರ್ಭಕೋಶದ ಬಾಯಿಯನ್ನು, ಅಂದರೆ ಕಂಠವನ್ನು, ನೋಡಿಸಬೇಕು.

ಆದ್ದರಿಂದ ನಮ್ಮ ಉಸ್ತಾದರುಗಳಲ್ಲಿ, ವಿಶೇಷವಾಗಿ ಮಹಿಳಾ ಶರೀಅತ್ ಕಾಲೇಜುಗಳಲ್ಲಿ ಕಲಿಸುವ ಸಹೋದರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಮಸ್‌ಅಲಕ್ಕೆ ಉತ್ತರ ಹೇಳಿದ ಮೇಲೆ, "ಈ ವಾರವೇ ಲೇಡಿ ಡಾಕ್ಟರಿಗೆ ತೋರಿಸಿ" ಎಂಬ ಮಾತನ್ನೂ ಸೇರಿಸಿ. ಹೈಳ್ ಪಾಠದ ಜೊತೆಯಲ್ಲೇ ಇದನ್ನು ಕಲಿಸಿದರೆ ಇನ್ನೂ ಒಳ್ಳೆಯದು. ಹಾಗೆಯೇ ನೀರು ಮಂತ್ರಿಸಿಕೊಡುವವರು ಮೊದಲು "ಎಷ್ಟು ದಿನವಾಯಿತು?" ಅಂತ ಕೇಳಲಿ. ಮಂತ್ರಿಸುವುದು ಬೇಡ ಅಂತ ನಾವು ಹೇಳುವುದಿಲ್ಲ. ಮದ್ದು ಮಾಡಿಸಿಕೊಳ್ಳಬಹುದೇ ಎಂದು ಬಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮರು ಮಾಡಿಸಿಕೊಳ್ಳಬೇಕೆಂದೇ ಹೇಳಿದ ಹದೀಸ್ ಅಬೂದಾವೂದ್, ತಿರ್ಮಿದಿ ಎರಡರಲ್ಲೂ ಇದೆ. ನೀರು ಕುಡಿಯಲಿ, ಪರೀಕ್ಷೆಗೂ ಹೋಗಲಿ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಬಾಯಿಯ ವಿಷಯ

ನಮ್ಮ ಗಂಡಸರಲ್ಲಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಭಾರತದ ಪುರುಷರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪತ್ತೆಯಾಗುವ ಕ್ಯಾನ್ಸರ್ ಕೂಡ ಇದೇ. ವಿಚಿತ್ರ ಏನೆಂದರೆ ಇದು ಕಣ್ಣಿಗೆ ಕಾಣುವ ಜಾಗದಲ್ಲಿ ಬರುವ ರೋಗ. ಕನ್ನಡಿ ಮತ್ತು ಮೊಬೈಲಿನ ಟಾರ್ಚ್ ಸಾಕು. ಹಾಗಿದ್ದರೂ ತಡವಾಗಿ ಸಿಗುತ್ತದೆ.

ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕಾಗ ಮಾತಾಡಿಸುತ್ತೇವಲ್ಲ, ಕೆಲವರ ಮಾತು ಬದಲಾದದ್ದು ನಮಗೆ ಗೊತ್ತಾಗುತ್ತದೆ. ತಜ್‌ವೀದ್ ಕಲಿಸಿದವರ ಕಿವಿ ಅದು, ಅಕ್ಷರ ಸರಿಯಾಗಿ ಹೊರಡದಿದ್ದರೆ ಸುಮ್ಮನಿರುವುದಿಲ್ಲ. "ಬಾಯಿ ತೆರೆ ನೋಡುವ" ಅಂದರೆ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಇಪ್ಪತ್ತೈದು ಮೂವತ್ತರ ಹುಡುಗರು. ಅಡಿಕೆ ಬೆರೆತ ಸ್ಯಾಶೆಗಳನ್ನು ವರ್ಷಗಟ್ಟಲೆ ಜಗಿದು ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಹಗ್ಗದಂತೆ ಬಿಗಿದುಕೊಂಡಿರುತ್ತದೆ. ಖಾರ ತಾಗಿದರೆ ಉರಿ. ಇದಕ್ಕೆ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಇದು ಇರುವ ಬಾಯಿಯಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ತನ್ನದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ ನೋಡುವುದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ಹೋಗದಿದ್ದರೆ ದಂತ ವೈದ್ಯರಿಗೆ ತೋರಿಸಬೇಕು.

ಅಡಿಕೆಯ ಜಿಲ್ಲೆಯಲ್ಲಿ ಅಡಿಕೆಯ ವಿಷಯ ಹೇಳುವುದು ಕಷ್ಟ. ತೋಟ ಇರುವವರು ಸಿಟ್ಟಾಗುತ್ತಾರೆ, ಅವರ ಕಷ್ಟವೂ ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೊಗೆಸೊಪ್ಪು ಸೇರದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. "ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆ ಅಡಿಕೆ" ಎಂದು ಧೈರ್ಯ ಹೇಳಿಕೊಳ್ಳುವ ನಮ್ಮ ಅಜ್ಜಿಯಂದಿರೂ ವರ್ಷಕ್ಕೊಮ್ಮೆ ಬಾಯಿ ತೋರಿಸುವುದು ಒಳ್ಳೆಯದು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ ಅಂತ ಬೇರೆ ಬೇರೆ ಮಾರಲು ಸುರುಮಾಡಿದರು. ಹುಡುಗರು ಅದನ್ನು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ನಿಷೇಧ ಎಲ್ಲಿ ಹೋಯಿತೋ!

ಈಗ ಹುಣ್ಣಿನ ಲೆಕ್ಕ. ಬಾಯಿಯಲ್ಲಿ ಹುಣ್ಣು ಎಲ್ಲರಿಗೂ ಆಗುತ್ತದೆ. ನಿದ್ದೆ ಕೆಟ್ಟರೆ, ಹಲ್ಲು ತಾಗಿದರೆ, ವಿಟಮಿನ್ ಕಡಿಮೆಯಾದರೆ ಆಗುತ್ತದೆ, ಒಂದೆರಡು ವಾರದಲ್ಲಿ ಮಾಯುತ್ತದೆ. ಮೂರು ವಾರ ಕಳೆದರೂ ಮಾಯದ ಹುಣ್ಣು ಬೇರೆ ಜಾತಿಯದ್ದು. ಬಿಳಿ ಪಟ್ಟಿ ಅಥವಾ ಕೆಂಪು ಪಟ್ಟಿ ಒರಸಿದರೂ ಹೋಗದಿದ್ದರೆ, ಕಾರಣವಿಲ್ಲದೆ ಒಂದು ಹಲ್ಲು ಅಲುಗಾಡಿದರೆ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಮೂರು ವಾರ ನಿಂತರೆ ಪರೀಕ್ಷೆ ಆಗಲೇಬೇಕು. ಈ ಹುಣ್ಣು ಸುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲ ಅಂತಲೇ ಜನ ಸುಮ್ಮನಿರುತ್ತಾರೆ, ಅದೇ ದೊಡ್ಡ ಮೋಸ.

ಸ್ವರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಯಾಕೆಂದರೆ ಇದು ನಮ್ಮ ಕಸುಬಿಗೇ ಸಂಬಂಧಪಟ್ಟದ್ದು. ಬಾಂಗ್ ಕೊಡುವವರು, ವಅಳ್ ಹೇಳುವವರು, ಮದ್ರಸದಲ್ಲಿ ದಿನಾ ಗಂಟಲು ಹರಿಯುವವರು ಸ್ವರ ಒಡೆದರೆ "ಮಾತಾಡಿ ಮಾತಾಡಿ ಹೀಗಾಗಿದೆ" ಅಂತ ಶುಂಠಿ, ಜೇನು ನೆಕ್ಕಿ ಸುಮ್ಮನಾಗುತ್ತಾರೆ. ಮೂರು ವಾರ ಕಳೆದರೂ ಸ್ವರ ಸರಿಯಾಗದಿದ್ದರೆ ಇಎನ್‌ಟಿ ವೈದ್ಯರು ಸಣ್ಣ ಕ್ಯಾಮರಾ ಹಾಕಿ ಸ್ವರಪೆಟ್ಟಿಗೆ ನೋಡಬೇಕು. ಸಿಗರೇಟು, ಬೀಡಿ ಸೇದುವವರಾದರೆ ಒಂದು ದಿನವೂ ಕಾಯಬಾರದು.

"ಅವರು ಗಲ್ಫಿನಿಂದ ಬರಲಿ"

ಹೆಂಗಸರಲ್ಲಿ ಎದೆಯ ಗಂಟು. ನಮ್ಮ ಸಮುದಾಯದಲ್ಲಿ ಇದು ತಡವಾಗಲು ಇರುವ ಕಾರಣಗಳು ಬೇರೆಯವರಲ್ಲಿ ಇರುವುದಕ್ಕಿಂತ ಒಂದೆರಡು ಹೆಚ್ಚೇ. ಗಂಡ ಸೌದಿಯಲ್ಲಿ, ರಜೆ ಸಿಗುವುದು ಆರು ತಿಂಗಳ ನಂತರ. ಫೋನಿನಲ್ಲಿ ಹೇಳಿದರೆ ಅವರಿಗೆ ಅಲ್ಲಿ ಟೆನ್ಶನ್ ಆಗುತ್ತದೆ, ಹೇಗೂ ಬರುತ್ತಾರಲ್ಲ, ಬಂದ ಮೇಲೆ ನೋಡುವ ಅಂತ ಹೆಂಡತಿ ನುಂಗಿಕೊಳ್ಳುತ್ತಾಳೆ. ಇಲ್ಲದಿದ್ದರೆ ಮಗಳ ಮದುವೆ. ತಾಯಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಸಂಬಂಧ ಮುರಿದೀತು ಎಂಬ ಹೆದರಿಕೆಯಲ್ಲಿ ಗಂಟನ್ನು ಬುರ್ಖಾದ ಒಳಗೆ ಅಡಗಿಸಿ ನಿಖಾಹ್ ಮುಗಿಸಿದ ತಾಯಂದಿರು ಇದ್ದಾರೆ. ಮದುವೆಗೆ ಬಂಗಾರಕ್ಕೆ ಅಂತ ತೆಗೆದಿಟ್ಟ ಹಣದಲ್ಲಿ ಒಂದು ಸ್ಕ್ಯಾನಿಗೆ ತೆಗೆಯಲು ಮನಸ್ಸು ಬರಲಿಲ್ಲ. ಗಂಡು ನೋಡಿಕೊಂಡು ಬರುವವರು ಹೆಣ್ಣಿನ ಮನೆಯ ಕಾಯಿಲೆಗಳ ಪಟ್ಟಿ ಕೇಳುವ ಅಭ್ಯಾಸ ಬಿಟ್ಟರೆ ಎಷ್ಟೋ ಜೀವ ಉಳಿದೀತು. ಇದು ಜಮಾಅತಿನ ಹಿರಿಯರು ಕೂತು ಮಾತಾಡಬೇಕಾದ ವಿಷಯ.

ಇನ್ನೊಂದು ನಾಚಿಕೆ. ಪರಪುರುಷ ಡಾಕ್ಟರ ಮುಂದೆ ಹೇಗೆ ತೋರಿಸುವುದು? ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರಲ್ಲ ನಾವು. ಫಿಕ್ಹ್‌ನಲ್ಲಿ ಇದಕ್ಕೆ ದಾರಿ ಇದೆ. ಚಿಕಿತ್ಸೆಯ ಅಗತ್ಯ ಇರುವಲ್ಲಿ ಅಗತ್ಯ ಇರುವಷ್ಟೇ ಭಾಗವನ್ನು ವೈದ್ಯರಿಗೆ ತೋರಿಸಲು ಅನುಮತಿ ಇದೆ. ಲೇಡಿ ಡಾಕ್ಟರ್ ಸಿಗುವಾಗ ಅವರಿಗೇ ತೋರಿಸಬೇಕು. ಸಿಗದಿದ್ದರೆ, ಮಹ್ರಮ್ ಅಥವಾ ನಂಬಿಕಸ್ಥ ಹೆಂಗಸು ಜೊತೆಗಿದ್ದು ಪುರುಷ ವೈದ್ಯರಿಗೂ ತೋರಿಸಬಹುದು. ಮಂಗಳೂರಿನಲ್ಲಿ ಲೇಡಿ ಡಾಕ್ಟರಿಗೆ ಏನು ಬರಗಾಲ? ಲೇಡಿಗೋಶನ್ ಆಸ್ಪತ್ರೆ ಹೆಂಗಸರಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಹಾಗಾಗಿ ದೀನಿನ ಹೆಸರಿನಲ್ಲಿ ಯಾರೂ ಪರೀಕ್ಷೆ ಮುಂದೂಡುವ ಅಗತ್ಯ ಇಲ್ಲ.

ಎದೆಯ ಹತ್ತು ಗಂಟಿನಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕೊಬ್ಬಿನದ್ದೋ ನೀರಿನದ್ದೋ ಆಗಿರುತ್ತದೆ. ಆದರೆ ಯಾವುದು ಅಂತ ಮುಟ್ಟಿ ನೋಡಿ ಹೇಳಲು ಎಷ್ಟು ಅನುಭವಿ ವೈದ್ಯರಿಗೂ ಪೂರ್ತಿ ಸಾಧ್ಯವಿಲ್ಲ. ಅದಕ್ಕೇ ಮೂರು ಹಂತ ಇಟ್ಟಿದ್ದಾರೆ. ವೈದ್ಯರು ಕೈಯಿಂದ ನೋಡುವುದು, ಮ್ಯಾಮೋಗ್ರಾಂ ಅಥವಾ ಸ್ಕ್ಯಾನ್, ಆಮೇಲೆ ಸಂಶಯ ಉಳಿದರೆ ಸೂಜಿಯಿಂದ ಚೂರು ತೆಗೆದು ಲ್ಯಾಬಿಗೆ ಕಳುಹಿಸುವುದು. ಗಂಟು ಮಾತ್ರ ಅಲ್ಲ, ತೊಟ್ಟು ಒಳಗೆ ಎಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆದರೆ, ಕಂಕುಳಲ್ಲಿ ಗಡ್ಡೆ ಸಿಕ್ಕಿದರೆ ಕೂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಒಂದು ಕಾರ್ಯಕ್ರಮ ಸುರುಮಾಡಿತು. ಅದರ ಗುರಿಗಳಲ್ಲಿ ಒಂದು, ರೋಗಿ ಮೊದಲ ಸಲ ವೈದ್ಯರಿಗೆ ತೋರಿಸಿದ 60 ದಿನದೊಳಗೆ ರೋಗ ಏನೆಂದು ಖಚಿತವಾಗಬೇಕು ಎಂಬುದು. ಲೆಕ್ಕ ಸುರುವಾಗುವುದು ವೈದ್ಯರಿಗೆ ತೋರಿಸಿದ ದಿನದಿಂದ. ಗಲ್ಫಿನಿಂದ ಬರಲಿ ಅಂತ ಕಾದ ಆರು ತಿಂಗಳು ಈ ಲೆಕ್ಕಕ್ಕೆ ಸೇರುವುದೇ ಇಲ್ಲ.

ಡಾಕ್ಟರನ್ನು ಬದಲಿಸುವ ಚಾಳಿ

ತಡವಾಗುವುದು ಮನೆಯಲ್ಲಿ ಮಾತ್ರ ಅಲ್ಲ. ಊರಿನ ಕ್ಲಿನಿಕ್ಕಿನಲ್ಲೂ ಆಗುತ್ತದೆ, ಅದರಲ್ಲಿ ಎರಡೂ ಕಡೆಯವರ ಪಾಲಿದೆ. ಬಾಯಿಹುಣ್ಣಿಗೆ ಮೊದಲ ಸಲ ಹೋದಾಗ ಡಾಕ್ಟರು ಹಚ್ಚಲು ಜೆಲ್, ನುಂಗಲು ಬಿ ಕಾಂಪ್ಲೆಕ್ಸ್ ಕೊಡುತ್ತಾರೆ. ಅದು ತಪ್ಪಲ್ಲ, ನೂರರಲ್ಲಿ ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ. ತೊಂದರೆ ಆಮೇಲಿನದ್ದು. ಗುಣವಾಗದಿದ್ದರೆ ನಾವು ಅದೇ ಡಾಕ್ಟರ ಹತ್ತಿರ ಹೋಗುವುದಿಲ್ಲ. "ಅವರ ಮದ್ದು ಹಿಡಿಯಲಿಲ್ಲ" ಅಂತ ಹೇಳಿ ಇನ್ನೊಬ್ಬರ ಹತ್ತಿರ ಹೋಗುತ್ತೇವೆ. ಅವರಿಗೆ ಇದು ಮೊದಲ ಭೇಟಿ, ಅವರೂ ಜೆಲ್ ಕೊಡುತ್ತಾರೆ. ಆಮೇಲೆ ಮೆಡಿಕಲ್ ಶಾಪಿನಲ್ಲೇ ಕೇಳಿ ತರುವುದು, ಆಮೇಲೆ ನಾಟಿ ಮದ್ದು. ನಾಲ್ಕು ಕಡೆ ತಿರುಗಿ ನಾಲ್ಕು ತಿಂಗಳು ಕಳೆದರೂ ಪ್ರತಿಯೊಬ್ಬ ಡಾಕ್ಟರಿಗೂ ಅದು ಒಂದು ವಾರದ ಹುಣ್ಣು. ಒಬ್ಬರ ಹತ್ತಿರವೇ ಎರಡನೇ ಸಲ ಹೋಗಿದ್ದರೆ ಅವರಿಗೆ ಸಂಶಯ ಬರುತ್ತಿತ್ತು, ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತಿದ್ದರು.

ಅದಕ್ಕೆ ಡಾಕ್ಟರ ಕೋಣೆಯಿಂದ ಹೊರಗೆ ಬರುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ: "ಡಾಕ್ಟ್ರೇ, ಇದು ಎಷ್ಟು ದಿನದಲ್ಲಿ ಗುಣವಾಗಬೇಕು? ಆಗದಿದ್ದರೆ ಯಾವಾಗ ಬರ್ಲಿ?" ಅವರು ಹೇಳಿದ ತಾರೀಕು ಚೀಟಿಯ ಹಿಂದೆ ಬರೆದಿಡಿ. ಹಳೆ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಡಾಕ್ಟರನ್ನು ಬದಲಿಸುವುದಿದ್ದರೂ ಆ ಕವರ್ ಜೊತೆಯಲ್ಲಿರಲಿ.

ಡಾಕ್ಟರುಗಳಿಗೂ ನಮ್ಮದೊಂದು ಮಾತಿದೆ. ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ ಮಂಚಕ್ಕೆ ಮಲಗಿಸಿ ನೋಡದೆಯೇ ಮೂಲವ್ಯಾಧಿ ಅಂತ ಹೇಳಿ ಮದ್ದು ಕೊಟ್ಟರು. ಎಂಟು ತಿಂಗಳು ಅದೇ ಮದ್ದು. ಕೊನೆಗೆ ತೂಕ ಇಳಿದು, ರಕ್ತ ಕಡಿಮೆಯಾಗಿ ತಲೆ ತಿರುಗಿ ಬಿದ್ದ ಮೇಲೆ ಕೊಲೊನೋಸ್ಕೋಪಿ ಆಯಿತು, ದೊಡ್ಡ ಕರುಳಿನ ಕ್ಯಾನ್ಸರ್. ಮೂಲವ್ಯಾಧಿ ನಮ್ಮ ಊರಿನಲ್ಲಿ ಸಾಮಾನ್ಯ ನಿಜ. ಆದರೆ ಮಲವಿಸರ್ಜನೆಯ ಕ್ರಮವೇ ಬದಲಾದರೆ, ಅರುವತ್ತರ ಗಂಡಸಿಗೆ ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸಬಾರದು. ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಮೂತ್ರದಲ್ಲಿ ನೋವಿಲ್ಲದೆ ರಕ್ತ ಬಂದರೆ ಕಲ್ಲು ಅಂತ ಸುಮ್ಮನಾಗದೆ ಸ್ಕ್ಯಾನ್ ಮಾಡಿಸಬೇಕು. ಅನ್ನ ಇಳಿಯುವಾಗ ಎದೆಯಲ್ಲಿ ಸಿಕ್ಕಿದಂತಾದರೆ ಗ್ಯಾಸ್ ಮಾತ್ರೆ ಅಲ್ಲ, ಎಂಡೋಸ್ಕೋಪಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮೊದಲು ಕ್ಷಯ ಇದೆಯಾ ಅಂತ ನೋಡುತ್ತಾರೆ. ಅದು ಸರಿಯೇ. ಕಫದಲ್ಲಿ ಕ್ಷಯ ಸಿಗದೆ ಎಕ್ಸ್‌ರೇಯಲ್ಲಿ ಮಾತ್ರ ಕಲೆ ಇದ್ದು, ಮದ್ದು ತಿಂದರೂ ಅದು ಕರಗದಿದ್ದರೆ ಮುಂದಿನ ಪರೀಕ್ಷೆಯನ್ನು ಒತ್ತಾಯ ಮಾಡಿ ಕೇಳಿ.

ಫುಲ್ ಬಾಡಿ ಚೆಕಪ್ ಎಂಬ ಪ್ಯಾಕೇಜಿನ ರಕ್ತ ಪರೀಕ್ಷೆ ನಾರ್ಮಲ್ ಬಂತು ಅಂತ ಗಂಟನ್ನು ಮರೆತುಬಿಡುವವರೂ ಇದ್ದಾರೆ. ಹೆಚ್ಚಿನ ಕ್ಯಾನ್ಸರುಗಳನ್ನು ಬರೀ ರಕ್ತದಿಂದ ಪತ್ತೆ ಮಾಡಲಿಕ್ಕಾಗುವುದಿಲ್ಲ. ಉಚಿತ ಶಿಬಿರ ಬರಲಿ ಅಂತ ಕಾಯುವುದೂ ಹಾಗೆಯೇ. ಶಿಬಿರ ಇರುವುದು ಏನೂ ತೊಂದರೆ ಇಲ್ಲದವರಿಗೆ. ತೊಂದರೆ ಕಂಡವರು ನಾಳೆಯೇ ಹೋಗಬೇಕು.

ಮಕ್ಕಳ ವಿಷಯ ಒಂದು ಮಾತಿನಲ್ಲಿ. ಮದ್ರಸದಲ್ಲಿ ಮಕ್ಕಳನ್ನು ದಿನಾ ನೋಡುವವರು ನಾವು. ಆಟಕ್ಕೆ ಓಡುತ್ತಿದ್ದ ಮಗು ಮೂಲೆಯಲ್ಲಿ ಕೂತುಬಿಟ್ಟರೆ, ಮುಖ ಬಿಳಿಚಿದರೆ, ಹೊಡೆತವಿಲ್ಲದೆ ಮೈಯಲ್ಲಿ ನೀಲಿ ಕಲೆ ಬಂದರೆ, ಜ್ವರ ಬಿಟ್ಟು ಬಿಟ್ಟು ವಾರಗಟ್ಟಲೆ ನಡೆದರೆ, ಕಾಲಿನ ಎಲುಬು ನೋವು ಅಂತ ರಾತ್ರಿ ಅತ್ತರೆ ಮನೆಯವರನ್ನು ಕರೆದು ಹೇಳಬೇಕು. ಸಿಬಿಸಿ ಎಂಬ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ರಕ್ತದ ಕ್ಯಾನ್ಸರಿನ ಸುಳಿವು ಹೆಚ್ಚಾಗಿ ಸಿಗುತ್ತದೆ. (ಮೇಲೆ ಹೇಳಿದ ಮಾತಿಗೆ ಇದೊಂದು ಅಪವಾದ.) ಮಕ್ಕಳಲ್ಲಿ ಇದು ಸರಿಯಾದ ಚಿಕಿತ್ಸೆಯಿಂದ ಬಹಳಷ್ಟು ಸಲ ಗುಣವಾಗುವ ರೋಗ.

ಬಯಾಪ್ಸಿಯ ಹೆದರಿಕೆ

"ಸೂಜಿ ಹಾಕಿದರೆ, ಕತ್ತಿ ತಾಗಿದರೆ ಅದು ಹರಡುತ್ತದೆ." ಈ ಮಾತು ಕೇಳದ ಮನೆ ಇಲ್ಲ. ಓದಿದವರೂ ಹೇಳುತ್ತಾರೆ. ಇದು ಹೇಗೆ ಹುಟ್ಟಿತು ಅಂತ ಯೋಚನೆ ಮಾಡಿದರೆ ಅರ್ಥವಾಗುತ್ತದೆ. ಜನ ಬಯಾಪ್ಸಿಗೆ ಹೋದದ್ದೇ ಕೊನೆಯ ಹಂತದಲ್ಲಿ. ಬಯಾಪ್ಸಿ ಆಗಿ ಮೂರ್ನಾಲ್ಕು ತಿಂಗಳಲ್ಲಿ ತೀರಿಕೊಂಡರು. ಮನೆಯವರ ಕಣ್ಣಿಗೆ ಕಂಡದ್ದು ಸೂಜಿ, ಒಂದು ವರ್ಷ ಒಳಗೆ ಬೆಳೆದದ್ದು ಕಾಣಲಿಲ್ಲ. ಸೂಜಿಯ ಮೇಲೆ ಅಪವಾದ ಬಂತು. ಬಾಯಿ, ಎದೆ, ಗರ್ಭಕೋಶ ಇವುಗಳ ಬಯಾಪ್ಸಿಯಿಂದ ರೋಗ ಹರಡಿ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಬಯಾಪ್ಸಿ ಇಲ್ಲದೆ ಯಾವ ಜಾತಿಯ ಕ್ಯಾನ್ಸರ್, ಯಾವ ಮದ್ದು ಎಂದು ತೀರ್ಮಾನ ಮಾಡುವುದು ಹೆಚ್ಚಿನ ಕಡೆ ಆಗುವ ಕೆಲಸವೇ ಅಲ್ಲ.

ಇಲ್ಲಿ ಎರಡು ಎಚ್ಚರಿಕೆ. ಸಣ್ಣ ಗಡ್ಡೆಯನ್ನು ಎಲ್ಲಿಯಾದರೂ ಕತ್ತರಿಸಿ ತೆಗೆಸಿದರೆ, ತೆಗೆದ ಚೂರನ್ನು ಲ್ಯಾಬಿಗೆ ಕಳುಹಿಸಿದ್ದಾರಾ ಅಂತ ಕೇಳಿ. ಕಸಕ್ಕೆ ಹೋದರೆ ಸಂಗತಿಯೂ ಕಸಕ್ಕೆ ಹೋದಂತೆ. ಮತ್ತೆ, ರಿಪೋರ್ಟ್ ತರಲು ಹೋಗಿ. ಹೆದರಿ ಹೋಗದೆ ಇರುವವರು, "ಏನಾದರೂ ಇದ್ದರೆ ಅವರೇ ಫೋನ್ ಮಾಡುತ್ತಾರೆ" ಅಂತ ಕೂರುವವರು ತುಂಬ ಜನ. ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ. ಬಿನೈನ್ ಅಂದರೆ ಕ್ಯಾನ್ಸರ್ ಅಲ್ಲ, ಮ್ಯಾಲಿಗ್ನಂಟ್ ಅಂದರೆ ಹೌದು. ಡಿಸ್‌ಪ್ಲೇಸಿಯಾ ಎಂದರೆ ಕ್ಯಾನ್ಸರ್ ಆಗಿಲ್ಲ, ಆದರೆ ಆ ದಾರಿಯಲ್ಲಿದೆ, ಬಿಡಬಾರದು. ಇನ್‌ಅಡಿಕ್ವೇಟ್ ಅಥವಾ ಇನ್‌ಕನ್‌ಕ್ಲೂಸಿವ್ ಎಂದು ಬರೆದಿದ್ದರೆ ಪರೀಕ್ಷೆ ಪುನಃ ಆಗಬೇಕು ಎಂದು ಅರ್ಥ, ಏನೂ ಇಲ್ಲ ಎಂದಲ್ಲ. ಮನೆಯ ಕಾಲೇಜು ಮಕ್ಕಳು ಓದಲಿ, ಆದರೆ ತೀರ್ಮಾನ ಡಾಕ್ಟರದ್ದೇ ಇರಲಿ.

ಎಲ್ಲಿಗೆ ಹೋಗುವುದು, ಹಣ ಎಲ್ಲಿಂದ?

ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಒಂದು ಫಾರ್ಮ್ ತುಂಬಿಸುವುದನ್ನು ನೋಡಿರಬಹುದು. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆ ಫಾರ್ಮ್ ಇದೆ. ಮಾಯದ ಬಾಯಿಹುಣ್ಣು ಇದೆಯಾ, ಬಾಯಿ ತೆರೆಯಲು ಕಷ್ಟವಾ, ಸ್ವರ ಬದಲಾಗಿದೆಯಾ, ಎದೆಯಲ್ಲಿ ಗಂಟು ಇದೆಯಾ, ಮುಟ್ಟು ನಿಂತ ಮೇಲೆ ರಕ್ತ ಹೋಗಿದೆಯಾ, ಇವೆಲ್ಲ ಅದರಲ್ಲೇ ಇರುವ ಪ್ರಶ್ನೆಗಳು. ಗೇಟಿನ ಹತ್ತಿರ, ಮಾವ ಬಾವಂದಿರು ಕೂತಿರುವ ಜಗಲಿಯ ಎದುರು ಇದನ್ನು ಕೇಳಿದರೆ ಯಾವ ಹೆಂಗಸು ಹೌದು ಅಂತ ಹೇಳುತ್ತಾಳೆ? ಎಲ್ಲದಕ್ಕೂ "ಇಲ್ಲ, ಇಲ್ಲ". ಆಶಾ ಅಕ್ಕನನ್ನು ಒಳಗೆ ಕರೆದು ಒಂದು ಲೋಟ ಶರಬತ್ತು ಕೊಟ್ಟು ಅಡುಗೆಮನೆಯಲ್ಲಿ ಕೂರಿಸಿ, ಗಂಡಸರು ಐದು ನಿಮಿಷ ಹೊರಗೆ ಹೋಗಿ. ಆ ಫಾರ್ಮಿನಲ್ಲಿ ಹೌದು ಅಂತ ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಾರೆ.

ಆರೋಗ್ಯ ಕೇಂದ್ರದಲ್ಲಿ ಬಾಯಿ, ಎದೆ ನೋಡುತ್ತಾರೆ, ಗರ್ಭಕೋಶದ ಕಂಠಕ್ಕೆ ವಿನೆಗರಿನಂತಹ ದ್ರಾವಣ ಹಚ್ಚಿ ಬಿಳಿ ಆಗುತ್ತದಾ ಅಂತ ನೋಡುವ ಸರಳ ಪರೀಕ್ಷೆ ಇದೆ. ಬಯಾಪ್ಸಿ, ಸ್ಕ್ಯಾನ್ ಅಲ್ಲಿ ಆಗುವುದಿಲ್ಲ. ಅಲ್ಲಿಂದ ಚೀಟಿ ಬರೆಸಿಕೊಂಡು ತಾಲೂಕು ಆಸ್ಪತ್ರೆಗೆ, ಅಥವಾ ಮಂಗಳೂರಿನ ವೆನ್ಲಾಕಿಗೆ ಹೋಗಬೇಕು. ಈ ಚೀಟಿ ಮುಖ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ನಿಗದಿತ ದರದ ಶೇ. 30 ಭಾಗ. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮೊದಲೇ ಖಾಸಗಿಗೆ ಓಡಿ, ಹಣ ಮುಗಿದ ಮೇಲೆ ಚೀಟಿಗೆ ಅಲೆಯುವವರನ್ನು ನೋಡುತ್ತಿದ್ದೇವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಕೂಡ ಸರ್ಕಾರದ್ದೇ. ನೆಹರೂ ಸಂಪುಟದಲ್ಲಿ ಸಂಪರ್ಕ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಸಂಸ್ಥೆ, 1973ರಿಂದ ಇದೆ. ಹೆಸರು ಯಾರದ್ದು ಅಂತ ನಮ್ಮ ಮಕ್ಕಳಿಗೂ ಗೊತ್ತಿರಲಿ ಅಂತ ಬರೆದದ್ದು.

ಯೋಜನೆಯ ಹಣ ಬರುವುದು ಹೆಚ್ಚಾಗಿ ಚಿಕಿತ್ಸೆಗೆ. ರೋಗ ಏನೆಂದು ಗೊತ್ತಾಗುವ ತನಕದ ಖರ್ಚು ಖಾಸಗಿಯಲ್ಲಾದರೆ ಕೈಯಿಂದಲೇ. ಜಮಾಅತ್ ಸಮಿತಿಗಳು, ಯುವಕರ ಸಂಘಟನೆಗಳು ಕೈ ಹಾಕಬೇಕಾದ ಜಾಗ ಇದೇ ಎಂಬುದು ನಮ್ಮ ಅಭಿಪ್ರಾಯ. ವರ್ಷಕ್ಕೆ ಒಂದು ವಾರ್ಷಿಕೋತ್ಸವದ ಪೆಂಡಾಲಿಗೆ ಹೋಗುವ ಹಣದಲ್ಲಿ ಎಷ್ಟೋ ಮನೆಗಳ ಮೊದಲ ಪರೀಕ್ಷೆ ಮುಗಿದೀತು. ಸದಕದ ಹಣದಲ್ಲಿ ಒಂದು ಸಣ್ಣ ನಿಧಿ ಇಟ್ಟು, ಡಾಕ್ಟರು ಬರೆದ ಪರೀಕ್ಷೆಯ ಚೀಟಿ ತಂದವರಿಗೆ ಹೆಸರು ಮೈಕಿನಲ್ಲಿ ಹೇಳದೆ ಕೊಡಬಹುದು. ಝಕಾತಿನ ಹಣವಾದರೆ ಅರ್ಹ ಬಡವರ ಕೈಗೇ ಒಪ್ಪಿಸಬೇಕು, ಲ್ಯಾಬಿಗೆ ನೇರ ಕಟ್ಟುವ ಮೊದಲು ಖತೀಬರನ್ನು ಕೇಳಿಕೊಳ್ಳಿ. ಒಬ್ಬಂಟಿ ಹೆಂಗಸರಿಗೆ ಹಣಕ್ಕಿಂತಲೂ ಜೊತೆಗೆ ಬರುವವರು ಬೇಕು. ವೆನ್ಲಾಕಿನ ಒಪಿಡಿಯಲ್ಲಿ ಕೌಂಟರಿನಿಂದ ಕೌಂಟರಿಗೆ ಹೋಗುವುದು ಗೊತ್ತಿರುವ ಒಬ್ಬಳು ಹುಡುಗಿ ಪ್ರತಿ ಜಮಾಅತಿನಲ್ಲಿ ಇದ್ದರೆ ಸಾಕು.

ನೋಂಬಿನ ತಿಂಗಳಲ್ಲಿ ಪರೀಕ್ಷೆಯ ತಾರೀಕು ಸಿಕ್ಕಿದರೆ ಪೆರ್ನಾಳ್ ಕಳೆಯಲಿ ಅಂತ ಮುಂದೂಡುವವರಿದ್ದಾರೆ. ಪರೀಕ್ಷೆಗೆ ರಕ್ತ ತೆಗೆಯುವುದರಿಂದ, ಎಕ್ಸ್‌ರೇ, ಹೊಟ್ಟೆಯ ಮೇಲಿನ ಸ್ಕ್ಯಾನ್, ಮ್ಯಾಮೋಗ್ರಾಂ ಇವುಗಳಿಂದ ನೋಂಬು ಮುರಿಯುವುದಿಲ್ಲ. ಬಾಯಿಯಿಂದಲೋ ಗುದದಿಂದಲೋ ಗುಪ್ತಾಂಗದಿಂದಲೋ ಒಳಗೆ ಉಪಕರಣ ಹೋಗುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಒಳಪರೀಕ್ಷೆಗಳಿಂದ ನಮ್ಮ ಮದ್ಸ್‌ಹಬಿನ ಪ್ರಕಾರ ನೋಂಬು ಮುರಿಯುತ್ತದೆ. ರಾತ್ರಿಗೆ ಇಡಲು ಸಾಧ್ಯವೇ ಅಂತ ಕೇಳಬಹುದು. ಇಲ್ಲವಾದರೆ ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಇದೆ. ಆ ದಿನದ ನೋಂಬನ್ನು ಆಮೇಲೆ ಕಳಾ ವೀಟಬಹುದು, ಆಸ್ಪತ್ರೆಯ ತಾರೀಕು ಬಿಟ್ಟರೆ ಪುನಃ ಸಿಗುವುದು ಒಂದೆರಡು ತಿಂಗಳ ನಂತರ.